ಸಣ್ಣ ಸ್ಟೇಕ್‌ನ ಫಾಸ್ಟ್-ಫೋಲ್ಡ್ ಪೋಕರ್: ಆಟ ಹೇಗೆ ಬದಲಾಯಿಸ್ಕೊಬೇಕು

ಯುಗಾದಿ ಮಾರನೇ ದಿನ, ಹೊಸತೊಡಕಿಗೆ, ನಮ್ಮ ಮಂಡ್ಯ ಕಡೆ ಹಳ್ಳೀಲಿ ಅರಳಿಕಟ್ಟೆ ಮೇಲೆ ಇಸ್ಪೀಟ್ ಕೂರೋದನ್ನ ಚಿಕ್ಕಂದಿನಿಂದ ನೋಡ್ಕೊಂಡು ಬೆಳೆದೋನು ನಾನು. ಅಲ್ಲಿ ಎಲೆಗಿಂತ ಮುಖ ನೋಡಿ ಆಡೋದೇ ಜಾಸ್ತಿ. ನಮ್ಮ ದೊಡ್ಡಪ್ಪ ಒಳ್ಳೆ ಎಲೆ ಬಂದ್ರೆ ಬೀಡಿ ಆರಿಸಿ ಪಕ್ಕಕ್ಕಿಡೋರು, ಎದುರುಮನೆ ಅಣ್ಣ ಕೆಟ್ಟ ಎಲೆ ಬಂದಾಗಲೇ ಜೋರಾಗಿ ಮಾತಾಡೋನು, ಇದು ಕಟ್ಟೆ ಮೇಲೆ ಕೂತಿರೋ ಎಲ್ರಿಗೂ ಗೊತ್ತು, ಗೊತ್ತಿದ್ದೂ ಸೋಲೋರು ಅದು ಬೇರೆ ಮಾತು. ಕೆಲಸಕ್ಕೆ ಅಂತ ಬ್ರಿಟನ್‌ನ ಲೀಡ್ಸ್‌ಗೆ ಬಂದ್ಮೇಲೆ ಆನ್‌ಲೈನ್ ಪೋಕರ್ ಶುರು ಮಾಡಿದೆ, ಮೊದಲು ಮಾಮೂಲಿ ಆರು ಜನರ ಟೇಬಲ್ಲು, ಅಲ್ಲೂ ಇದೇ ಬುದ್ಧಿ ಉಪಯೋಗಕ್ಕೆ ಬಂತು, ಯಾರು ಏನು ಮಾಡ್ತಾರೆ ಅಂತ ನೋಡ್ತಾ ಕೂತ್ರೆ ಒಂದು ಗಂಟೇಲಿ ಅರ್ಧ ಟೇಬಲ್ ಅರ್ಥ ಆಗೋದು. ಆಮೇಲೆ ಫಾಸ್ಟ್-ಫೋಲ್ಡ್ ಟೇಬಲ್‌ಗೆ ಹೋದೆ, ಎಲೆ ಬಿಟ್ಟ ತಕ್ಷಣ ಬೇರೆ ಜನರ ಜೊತೆ ಹೊಸ ಎಲೆ ಸಿಗೋ ಆಟ. ಮೂರು ತಿಂಗಳು ಗೆಲುವು-ಸೋಲಿನ ಗ್ರಾಫ್ ಇಳೀತಾನೇ ಇತ್ತು. ನಿಯಮ ಅದೇ, ಎಲೆ ಅದೇ 52, ಆದ್ರೂ ನಾನು ಕಲಿತಿದ್ದು ಅಲ್ಲಿ ಕೆಲಸಕ್ಕೆ ಬರ್ಲಿಲ್ಲ. ಯಾಕೆ ಬರ್ಲಿಲ್ಲ, ಆಮೇಲೆ ಏನೇನು ಬದಲಾಯಿಸ್ಕೊಂಡೆ ಅಂತ ಇಲ್ಲಿ ಬರೀತಿದೀನಿ, ಈಗ ಶುರು ಮಾಡ್ತಿರೋರಿಗೆ ಆ ಮೂರು ತಿಂಗಳಾದ್ರೂ ಉಳೀಲಿ.

ಮೊದಲೇ ಒಂದು ವಿಷಯ. ಇಂಡಿಯಾದಲ್ಲಿ ಇರೋರು ದಯವಿಟ್ಟು ಇದನ್ನ ದುಡ್ಡು ಹಾಕಿ ಆಡೋಕೆ ಹೋಗ್ಬೇಡಿ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದುಪಡಿ ಮಾಡಿ ಆನ್‌ಲೈನ್ ಬಾಜಿ ಆಟ ನಿಲ್ಲಿಸಿತ್ತು, 2022ರ ಫೆಬ್ರವರೀಲಿ ಹೈಕೋರ್ಟ್ ಆ ತಿದ್ದುಪಡಿ ಭಾಗಗಳನ್ನ ರದ್ದು ಮಾಡ್ತು, ಆಗ ಬಹಳ ಜನ ಇನ್ನು ತೊಂದ್ರೆ ಇಲ್ಲ ಅಂದ್ಕೊಂಡ್ರು. ಆದ್ರೆ 2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು, ಸ್ಕಿಲ್ಲೋ ಲಕ್ಕೋ ಅಂತ ನೋಡದೆ ದುಡ್ಡು ಕಟ್ಟಿ ಆಡ್ಸೋ ಎಲ್ಲಾ ಆನ್‌ಲೈನ್ ಆಟಗಳನ್ನೂ ನಿಷೇಧ ಮಾಡ್ತು. ವಿಪಿಎನ್ ಹಾಕಿ ಹೊರಗಿನ ಸೈಟಲ್ಲಿ ಆಡ್ತೀನಿ ಅನ್ನೋರಿಗೂ ಹೇಳ್ತೀನಿ, ಸೈಟ್‌ನೋರು ಹಿಡಿದ್ರೆ ದುಡ್ಡು ಅಲ್ಲೇ ನಿಂತೋಗುತ್ತೆ, ಕೇಳೋಕೆ ಯಾರೂ ಇರಲ್ಲ. ಫ್ರೀ ಚಿಪ್ಸಲ್ಲಿ ಆಡಿ, ಲೆಕ್ಕ ಕಲೀರಿ, ಅದಕ್ಕೆ ಅಡ್ಡಿ ಇಲ್ಲ. ಇಲ್ಲಿ ಬ್ರಿಟನ್‌ನಲ್ಲಿ 18 ವರ್ಷ ಆದೋರು ಗ್ಯಾಂಬ್ಲಿಂಗ್ ಕಮಿಷನ್ ಲೈಸೆನ್ಸ್ ಇರೋ ಸೈಟಲ್ಲಿ ಆಡಬಹುದು, ಗೆದ್ದ ದುಡ್ಡಿಗೆ ಟ್ಯಾಕ್ಸ್ ಇಲ್ಲ, ಕ್ರೆಡಿಟ್ ಕಾರ್ಡಲ್ಲಿ ಮಾತ್ರ ದುಡ್ಡು ಹಾಕೋಕೆ 2020ರಿಂದ ಬಿಡಲ್ಲ. ಆ ಕ್ರೆಡಿಟ್ ಕಾರ್ಡ್ ನಿಯಮ ನನಗೆ ತುಂಬಾ ಸರಿ ಅನ್ಸುತ್ತೆ.

ಇದು ನಡೆಯೋದು ಹೇಗೆ

ಫಾಸ್ಟ್-ಫೋಲ್ಡ್ ಅಂದ್ರೆ ನೀವು ಫೋಲ್ಡ್ (ಎಲೆ ಬಿಟ್ಟುಬಿಡೋ ಬಟನ್) ಒತ್ತಿದ ತಕ್ಷಣ ಆ ಟೇಬಲ್ಲಿಂದ ಎದ್ದು ಬೇರೆ ಐದು ಜನರ ಜೊತೆ ಕೂತಿರ್ತೀರ, ಹೊಸ ಎಲೆ ಕೈಯಲ್ಲಿರುತ್ತೆ. 2010ರಲ್ಲಿ ಫುಲ್ ಟಿಲ್ಟ್ ಅನ್ನೋ ಪೋಕರ್ ಸೈಟ್‌ನೋರು ರಶ್ ಪೋಕರ್ ಅಂತ ತಂದ್ರು, 2012ರಲ್ಲಿ ಪೋಕರ್‌ಸ್ಟಾರ್ಸ್‌ನ ಝೂಮ್ ಬಂತು, ಜಿಜಿಪೋಕರ್‌ನಲ್ಲಿ ರಶ್ ಆಂಡ್ ಕ್ಯಾಶ್ ಅಂತಾರೆ. ಹೆಸರು ಏನೇ ಇರ್ಲಿ, ನೀವು ಕೂತಿರೋದು ಒಂದು ಟೇಬಲ್ಲಲ್ಲಿ ಅಲ್ವೇ ಅಲ್ಲ, ನೂರಾರು ಜನ ಇರೋ ಒಂದು ಪೂಲ್‌ನಲ್ಲಿ. ಮಾಮೂಲಿ ಟೇಬಲ್ಲಲ್ಲಿ ಗಂಟೆಗೆ 60-80 ಹ್ಯಾಂಡ್ (ಎಲೆ ಹಂಚಿ ಆಡೋ ಒಂದೊಂದು ಸುತ್ತು) ಆದ್ರೆ ಇಲ್ಲಿ ಒಂದೇ ವಿಂಡೋದಲ್ಲಿ 200 ಮೇಲೆ ಆಗುತ್ತೆ.

ಈ 200 ಅನ್ನೋ ಸಂಖ್ಯೇಲೇ ಎಲ್ಲಾ ಇದೆ. ಜೋಡಿ ಏಸ್ ಬರೋದು 221 ಹ್ಯಾಂಡಿಗೆ ಒಂದ್ಸಲ, ಅಂದ್ರೆ ಇಲ್ಲಿ ಹೆಚ್ಚುಕಮ್ಮಿ ಗಂಟೆಗೊಂದ್ಸಲ. ನಿಮಗೆ ಮಾತ್ರ ಅಲ್ಲ ಎಲ್ರಿಗೂ. ಮಾಮೂಲಿ ಟೇಬಲ್ಲಲ್ಲಿ 20 ನಿಮಿಷ ಎಲೆ ಬರ್ದೇ ಕೂತೋನು ಬೇಜಾರಾಗಿ ಕ್ವೀನ್-ಎಂಟು ಎತ್ಕೊಂಡು ಆಟಕ್ಕೆ ಇಳೀತಾನೆ, ಇಲ್ಲಿ ಅವನಿಗೆ ಆ ಬೇಜಾರೇ ಇಲ್ಲ, ಒಂದು ಬಟನ್ ಒತ್ತಿದ್ರೆ ಮುಂದಿನ ಎಲೆ ರೆಡಿ. ಅದಕ್ಕೇ ಅದೇ ಸ್ಟೇಕ್‌ನ (ಬಾಜಿ ಮೊತ್ತದ) ಮಾಮೂಲಿ ಟೇಬಲ್‌ಗಿಂತ ಇಲ್ಲಿ ಜನ ಬಿಗಿಯಾಗಿ ಆಡ್ತಾರೆ. ಬ್ಲೈಂಡ್ (ಎಲೆ ನೋಡೋಕೆ ಮುಂಚೆ ಸರದಿ ಪ್ರಕಾರ ಕಟ್ಲೇಬೇಕಾದ ದುಡ್ಡು) ಕಾಪಾಡ್ಕೊಳೋಕೆ ಹೋರಾಡಲ್ಲ, ಮಧ್ಯಮ ಎಲೆ ಬಂದ್ರೆ ಬಿಟ್ಟು ಹೋಗ್ತಾರೆ, ಮತ್ತೆ ದೊಡ್ಡ ದುಡ್ಡು ಹಾಕ್ತಿದಾರೆ ಅಂದ್ರೆ ಕೈಯಲ್ಲಿ ಇದ್ದೇ ಹಾಕ್ತಿದಾರೆ. ನಾನು ಬದಲಾಯಿಸ್ಕೊಂಡಿದ್ದೆಲ್ಲ ಈ ಒಂದು ಮಾತಿಂದಾನೇ ಹುಟ್ಟಿದ್ದು. ಸಣ್ಣ ಪಾಟ್‌ಗಳನ್ನ (ಮಧ್ಯದಲ್ಲಿ ಸೇರಿರೋ ದುಡ್ಡನ್ನ) ಅವರು ಬಿಟ್ಟುಕೊಡ್ತಾರೆ ತಗೊಳ್ಳಿ, ದೊಡ್ಡ ಪಾಟ್‌ಗೆ ಅವರೇ ಗಲಾಟೆ ಮಾಡಿದ್ರೆ ನೀವು ಬಿಟ್ಟುಕೊಡಿ.

ಫ್ಲಾಪ್‌ಗೆ ಮುಂಚೆ

ಹೊಸಬರಿಗೆ ಒಂದು ಮಾತು: ಎಲ್ರಿಗೂ ಕೈಗೆ ಎರಡೆರಡು ಎಲೆ, ಆಮೇಲೆ ಎಲ್ರಿಗೂ ಸೇರಿ ಮೇಜಿನ ಮೇಲೆ ಮೂರು ಎಲೆ ಬೀಳೋದು ಫ್ಲಾಪ್, ನಾಲ್ಕನೇದು ಟರ್ನ್, ಐದನೇದು ರಿವರ್. ದುಡ್ಡು ಹಾಕದೆ ಸರದಿ ಮುಂದೆ ಬಿಡೋದು ಚೆಕ್, ಹಾಕೋದು ಬೆಟ್, ಅಷ್ಟೇ ಕಟ್ಟೋದು ಕಾಲ್, ಏರಿಸೋದು ರೈಸ್. ಮೊತ್ತಗಳನ್ನೆಲ್ಲ ಬಿಗ್ ಬ್ಲೈಂಡ್ ಲೆಕ್ಕದಲ್ಲಿ ಹೇಳ್ತೀನಿ. ಮೊದಲು ಒಂದು ಲೆಕ್ಕ. ಆರು ಜನರ ಆಟದಲ್ಲಿ ಆರು ಹ್ಯಾಂಡಿಗೆ ಒಂದ್ಸಲ ಬಿಗ್ ಬ್ಲೈಂಡ್ ಒಂದ್ಸಲ ಸ್ಮಾಲ್ ಬ್ಲೈಂಡ್ (ಹೆಚ್ಚುಕಮ್ಮಿ ಅದರ ಅರ್ಧ) ಕಟ್ತೀರ, ಒಟ್ಟು 1.5 ಬಿಗ್ ಬ್ಲೈಂಡ್. ಏನೂ ಆಡದೆ ಬರೀ ಫೋಲ್ಡ್ ಒತ್ತುತ್ತಾ ಕೂತ್ರೆ 100 ಹ್ಯಾಂಡಿಗೆ 25 ಬಿಗ್ ಬ್ಲೈಂಡ್ ಹೋಯ್ತು, ಗಂಟೆಗೆ 50, ಅಂದ್ರೆ ಎರಡು ಗಂಟೇಲಿ ಒಂದು ಪೂರ್ತಿ ಬೈ-ಇನ್ (ಕೂರೋಕೆ ತರೋ 100 ಬಿಗ್ ಬ್ಲೈಂಡ್) ಸುಮ್ನೆ ಕೂತಿದ್ದಕ್ಕೇ ಖಾಲಿ. ಜೋಡಿ ಏಸ್ ಬರ್ಲಿ ಅಂತ ಕಾಯೋ ಪ್ಲಾನ್ ಇಲ್ಲಿ ನಡೆಯಲ್ಲ ಅನ್ನೋದು ಇದಕ್ಕೆ. ಆ 25ನ್ನ ಎಲ್ಲಿಂದಾದ್ರೂ ವಾಪಸ್ ತರ್ಬೇಕು, ಅದು ಬರೋದು ಕಟಾಫ್ ಮತ್ತೆ ಬಟನ್ ಸೀಟಿಂದ. ಬಟನ್ ಅಂದ್ರೆ ಫ್ಲಾಪ್ ಆದ್ಮೇಲೆ ಎಲ್ರಿಗಿಂತ ಕೊನೆಗೆ ಆಡೋ ಸೀಟು, ಕಟಾಫ್ ಅದಕ್ಕೆ ಮುಂಚೆ ಆಡೋ ಸೀಟು.

ಬಟನ್‌ನಲ್ಲಿ ಕೂತು 2.5 ಬಿಗ್ ಬ್ಲೈಂಡ್‌ಗೆ ರೈಸ್ ಮಾಡಿದ್ರೆ ನೀವು 1.5 ಗೆಲ್ಲೋಕೆ 2.5 ಇಟ್ಟಂಗಾಯ್ತು. ಎರಡೂ ಬ್ಲೈಂಡ್‌ನೋರು 100ಕ್ಕೆ 62-63 ಸಲ ಬಿಟ್ಟು ಹೋದ್ರೆ ನಿಮ್ಮ ಕೈಯಲ್ಲಿ ಏನಿದ್ರೂ ನಷ್ಟ ಇಲ್ಲ. 2 ಬಿಗ್ ಬ್ಲೈಂಡ್‌ಗೆ ಮಾಡಿದ್ರೆ 57 ಸಾಕು. ಇದು ಫ್ಲಾಪ್ ನೋಡಿದ್ಮೇಲೆ ಒಂದು ಸಲವೂ ಗೆಲ್ಲಲ್ಲ ಅಂದ್ಕೊಂಡು ಹಾಕಿದ ಲೆಕ್ಕ, ನಿಜವಾಗಿ ಅಲ್ಲೂ ಗೆಲ್ತೀವಲ್ಲ. ಬ್ಲೈಂಡ್‌ನಲ್ಲಿರೋರ ಬೆರಳು ಫೋಲ್ಡ್ ಬಟನ್ ಮೇಲೇ ಇರೋ ಆಟದಲ್ಲಿ ಇದು ಸಿಕ್ಕಾಪಟ್ಟೆ ಲಾಭದ ಜಾಗ. ನಾನು ಬಟನ್‌ನಿಂದ 100ಕ್ಕೆ 45ರ ತನಕ ಹ್ಯಾಂಡ್ ಓಪನ್ (ಮೊದಲ ರೈಸ್) ಮಾಡ್ತೀನಿ, ಎಲ್ಲಾ ಜೋಡಿ, ಯಾವ ಸೂಟೆಡ್ (ಎರಡೆಲೆಯೂ ಒಂದೇ ಜಾತಿ) ಏಸ್ ಆದ್ರೂ ಸರಿ, ಸೂಟೆಡ್ ಕಿಂಗ್‌ಗಳು, ಅಕ್ಕಪಕ್ಕದ ಸೂಟೆಡ್ ಎಲೆಗಳು, ಕಿಂಗ್-ಒಂಬತ್ತು ಥರ ಆಫ್‌ಸೂಟ್ (ಬೇರೆಬೇರೆ ಜಾತಿ) ಕೂಡ.

ಆದ್ರೆ ಮೊದಲ ಸೀಟಲ್ಲಿ ಇದರ ಉಲ್ಟಾ. ಹಿಂದೆ ಐದು ಜನ ಇದಾರೆ, ಅಲ್ಲಿಂದ ನನ್ನ ಲಿಸ್ಟು ಐದು-ಐದರಿಂದ ಮೇಲಿನ ಜೋಡಿಗಳು, ಸೂಟೆಡ್ ಏಸ್‌ನಲ್ಲಿ ಒಂಬತ್ತರಿಂದ ಮೇಲೆ ಮತ್ತೆ ಏಸ್-ಐದು ಏಸ್-ನಾಲ್ಕು, ಸೂಟೆಡ್‌ನಲ್ಲಿ ಕಿಂಗ್-ಹತ್ತು ಕ್ವೀನ್-ಹತ್ತು ಇಂದ ಮೇಲೆ, ಜ್ಯಾಕ್-ಹತ್ತು, ಹತ್ತು-ಒಂಬತ್ತು, ಆಫ್‌ಸೂಟ್‌ನಲ್ಲಿ ಏಸ್-ಜ್ಯಾಕ್‌ನಿಂದ ಮೇಲೆ ಮತ್ತೆ ಕಿಂಗ್-ಕ್ವೀನ್. ಎಣಿಸಿದ್ರೆ ಎರಡೆಲೆಯ ಒಟ್ಟು 1326 ಕಾಂಬಿನೇಷನ್‌ನಲ್ಲಿ 164, 12% ಚಿಲ್ಲರೆ. ಇದಕ್ಕಿಂತ ಸ್ವಲ್ಪ ಜಾಸ್ತಿ ಆಡೋರು ಇದಾರೆ, ಶುರುವಲ್ಲಿ ಇಷ್ಟು ಸಾಕು.

ಸ್ಮಾಲ್ ಬ್ಲೈಂಡ್‌ನಲ್ಲಿ ಕಾಲ್ ಮಾಡೋ ಅಭ್ಯಾಸ ಇದ್ರೆ ಇವತ್ತೇ ಬಿಡಿ. ರೈಸ್ ಇಲ್ಲ ಫೋಲ್ಡ್, ಎರಡೇ. ಅಲ್ಲಿ ಕಾಲ್ ಮಾಡಿದ್ರೆ ಫ್ಲಾಪ್ ಆದ್ಮೇಲೆ ಪ್ರತಿ ಸಲ ನೀವೇ ಮೊದಲು ಆಡ್ಬೇಕು, ಬಿಗ್ ಬ್ಲೈಂಡ್‌ನೋನು ಹಿಂದಿಂದ ರೈಸ್ ಮಾಡಿ ಒತ್ತಬಹುದು, ಎಲ್ಲಕ್ಕಿಂತ ಹೆಚ್ಚಾಗಿ ರೇಕ್ ಕಟ್ ಆಗುತ್ತೆ. ರೇಕ್ ಬಗ್ಗೆ ಜನ ಯೋಚ್ನೆನೇ ಮಾಡಲ್ಲ. ಸಣ್ಣ ಸ್ಟೇಕ್‌ನಲ್ಲಿ ಸಾಮಾನ್ಯವಾಗಿ ಪಾಟ್‌ನ 5%ರ ಹತ್ತಿರ ಸೈಟ್‌ನೋರು ತಗೋತಾರೆ, 20 ಬಿಗ್ ಬ್ಲೈಂಡ್ ಪಾಟ್ ಗೆದ್ರೆ ಒಂದು ಬಿಗ್ ಬ್ಲೈಂಡ್ ಅವರಿಗೆ. ಆದ್ರೆ ಹೆಚ್ಚಿನ ಸೈಟ್‌ಗಳಲ್ಲಿ ಫ್ಲಾಪ್ ಬೀಳೋಕೆ ಮುಂಚೆ ಮುಗಿದ ಹ್ಯಾಂಡಿಗೆ ರೇಕ್ ಇಲ್ಲ. ಹಾಗಾಗಿ ಬ್ಲೈಂಡ್ ಕದ್ದಾಗ ಸಿಗೋ 1.5 ಪೂರ್ತಿ ನಿಮ್ದೇ, ಅದೇ ಸುಮ್ನೆ ಕಾಲ್ ಮಾಡಿ ಮಾಡಿ ಫ್ಲಾಪ್ ನೋಡೋನು ಗೆದ್ದಾಗೆಲ್ಲ ಕಂದಾಯ ಕಟ್ತಾನೆ. ಫಾಸ್ಟ್-ಫೋಲ್ಡ್‌ನಲ್ಲಿ ಗಂಟೆಗೆ ಮೂರರಷ್ಟು ಹ್ಯಾಂಡ್ ಆಡೋದ್ರಿಂದ ಈ ಸೋರಿಕೆಯೂ ಮೂರರಷ್ಟು ಬೇಗ ಕಾಣುತ್ತೆ.

ಬಿಗ್ ಬ್ಲೈಂಡ್‌ನಲ್ಲಿ ಮಾತ್ರ ಕಾಲ್ ಮಾಡೋಕೆ ಕಾರಣ ಇದೆ. ಬಟನ್‌ನೋನು 2.5ಕ್ಕೆ ಓಪನ್ ಮಾಡಿ ಸ್ಮಾಲ್ ಬ್ಲೈಂಡ್ ಬಿಟ್ಟುಹೋದ್ರೆ ಪಾಟ್‌ನಲ್ಲಿ 4 ಇದೆ, ನೀವು ಹಾಕ್ಬೇಕಾಗಿರೋದು 1.5, ಅಂದ್ರೆ 27% ಗೆಲ್ಲೋ ಚಾನ್ಸ್ ಬೇಕು, ರೇಕ್ ಸೇರಿಸಿದ್ರೆ 29ರ ಹತ್ತಿರ. ಪರವಾಗಿಲ್ಲ ಅನ್ನೋ ಸೂಟೆಡ್ ಎಲೆ, ಅಕ್ಕಪಕ್ಕದ ಎಲೆ ಎಲ್ಲ ಆಡಬಹುದು. ಆದ್ರೆ ಇದೇ ಜಾಗದಲ್ಲಿ ಕ್ವಿಕ್ ಫೋಲ್ಡ್ ಬಟನ್ ನಮ್ಮನ್ನ ಹಾಳು ಮಾಡುತ್ತೆ, ಯಾರು ಎಲ್ಲಿಂದ ರೈಸ್ ಮಾಡಿದ್ರು ಅಂತ ನೋಡೋಕೂ ಮುಂಚೆ ಒತ್ತಿ ಹೋಗಿರ್ತೀವಿ. ನಾನು ಮಾಡ್ಕೊಂಡಿರೋ ರೂಲು, ಬಿಗ್ ಬ್ಲೈಂಡ್‌ನಲ್ಲಿ ಇದ್ದಾಗ ಕ್ವಿಕ್ ಫೋಲ್ಡ್ ಮುಟ್ಟಲ್ಲ, ಸರದಿ ಬರೋ ತನಕ ಕಾಯ್ತೀನಿ. ಅಷ್ಟೇ ಮಾಡಿದ್ದಕ್ಕೆ ಎಷ್ಟು ಹ್ಯಾಂಡ್ ಬಿಟ್ಟುಕೊಡ್ತಿದ್ದೆ ಅಂತ ಕಣ್ಣಿಗೆ ಬಿತ್ತು.

ತ್ರೀ-ಬೆಟ್ (ಒಬ್ಬರ ರೈಸ್ ಮೇಲೆ ಇನ್ನೊಂದು ರೈಸ್) ವಿಷಯ. ಕಟಾಫ್ ಬಟನ್‌ನಿಂದ ಎಲ್ರೂ ಅಗಲವಾಗಿ ಓಪನ್ ಮಾಡ್ತಾರೆ ಅಂದ್ಮೇಲೆ ಅವರ ಮೇಲೆ ಮತ್ತೆ ರೈಸ್ ಮಾಡಿದ್ರೆ ಬಹಳ ಸಲ ಬಿಟ್ಟು ಹೋಗ್ತಾರೆ, ಹೊಸ ಹ್ಯಾಂಡ್ ಕಾಯ್ತಿದೆಯಲ್ಲ. ಆದ್ರೆ ಇಲ್ಲಿ ಅವಸರ ಬೇಡ, ಲೆಕ್ಕ ನೋಡಿ. ಸ್ಮಾಲ್ ಬ್ಲೈಂಡ್‌ನಿಂದ 10ಕ್ಕೆ ತ್ರೀ-ಬೆಟ್ ಮಾಡಿದ್ರೆ 4 ಗೆಲ್ಲೋಕೆ 9.5 ಇಟ್ಟಂಗೆ, 100ಕ್ಕೆ 70 ಸಲ ಅವನು ಬಿಡ್ಬೇಕು. ಹಾಗಾಗಿ ಕಸದ ಎಲೇಲಿ ಮಾಡ್ಬೇಡಿ, ಸೂಟೆಡ್ ಏಸ್-ಐದು ಏಸ್-ನಾಲ್ಕು ಥರದ್ರಲ್ಲಿ ಮಾಡಿ. ನಿಮ್ಮ ಕೈಯಲ್ಲಿ ಒಂದು ಏಸ್ ಇದ್ರೆ ಅವನ ಹತ್ರ ಜೋಡಿ ಏಸ್ ಬರೋ ದಾರಿ ಆರರಿಂದ ಮೂರಕ್ಕೆ ಇಳಿಯುತ್ತೆ, ಏಸ್-ಕಿಂಗ್ 16ರಿಂದ 12ಕ್ಕೆ, ಕಾಲ್ ಮಾಡಿದ್ರೂ ಫ್ಲಶ್ಶು ಸ್ಟ್ರೇಟು ಬರೋ ಆಸೆ ಇರುತ್ತೆ. ಇನ್ನು ಯಾರಾದ್ರೂ ಫೋರ್-ಬೆಟ್ (ಅದರ ಮೇಲೂ ರೈಸ್) ಮಾಡಿದ್ರೆ ಈ ಸ್ಟೇಕ್‌ನಲ್ಲಿ ಯೋಚ್ನೆ ಮಾಡದೆ ಬಿಡಿ, ಕಿಂಗ್-ಕಿಂಗ್, ಏಸ್-ಏಸ್, ಏಸ್-ಕಿಂಗ್ ಇದ್ರೆ ಮಾತ್ರ ಮುಂದೆ ಹೋಗಿ, ಜೋಡಿ ಕ್ವೀನ್ ಇದ್ರೆ ಅವನು ಯಾವ ಸೀಟಿಂದ ಮಾಡಿದಾನೆ ನೋಡಿ ನಿರ್ಧಾರ ಮಾಡಿ.

ಸಣ್ಣ ಜೋಡಿ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಫ್ಲಾಪ್‌ನಲ್ಲಿ ಸೆಟ್ (ಜೋಡಿ ಜೊತೆ ಅದೇ ಮೂರನೇ ಎಲೆ) ಆಗೋದು 11.8%, ಎಂಟೂವರೆಗೆ ಒಂದ್ಸಲ. 2.5 ಹಾಕಿ ನೋಡೋದು ಸರಿ, ಹಿಂದೆ 97 ಇದೆ. ಆದ್ರೆ ನೀವು ಓಪನ್ ಮಾಡಿ ಅವನು 10ಕ್ಕೆ ತ್ರೀ-ಬೆಟ್ ಮಾಡಿದಾಗ ಇನ್ನೂ 7.5 ಹಾಕಿ ಸೆಟ್ ಕಾಯೋದು ಲಾಸು, ಹಿಂದೆ ಉಳಿದಿರೋದು 90, ಬರೀ 12 ಪಟ್ಟು, ಮತ್ತೆ ಸೆಟ್ ಆದಾಗೆಲ್ಲ ಅವನು ಪೂರ್ತಿ ಸ್ಟಾಕ್ (ತನ್ನ ಮುಂದಿರೋ ದುಡ್ಡು) ಕೊಡಲ್ಲ. ಎರಡು-ಎರಡರಿಂದ ಆರು-ಆರರ ತನಕ ಬಿಟ್ಟುಬಿಡಿ.

ಫ್ಲಾಪ್ ಬಿದ್ಮೇಲೆ

ನೀವು ಬಟನ್‌ನಿಂದ ರೈಸ್ ಮಾಡಿ ಬಿಗ್ ಬ್ಲೈಂಡ್ ಕಾಲ್ ಮಾಡಿದ, ಪಾಟ್ 5.5, ಫ್ಲಾಪ್‌ನಲ್ಲಿ ಕಿಂಗ್-ಏಳು-ಎರಡು ಮೂರೂ ಬೇರೆಬೇರೆ ಜಾತಿ. ಅವನು ಚೆಕ್. ಇಲ್ಲಿ 1.8 ಹಾಕಿ, ಪಾಟ್‌ನ ಮೂರನೇ ಒಂದು ಭಾಗ. ನಾಲ್ಕು ಸಲದಲ್ಲಿ ಒಂದು ಸಲ ಅವನು ಬಿಟ್ರೆ ಸಾಕು ನಿಮ್ಮ ಬೆಟ್ಟು ಕಾಸು ತಂದಂಗೆ. ಜೋಡಿ ಇಲ್ಲದ ಎರಡು ಎಲೆ ಇಟ್ಕೊಂಡು ಬಂದೋನಿಗೆ ಫ್ಲಾಪ್ ತಾಗೋದು ಮೂರರಲ್ಲಿ ಒಂದು ಸಲ, ಉಳಿದ ಎರಡು ಸಲ ಅವನ ಹತ್ರ ಏನೂ ಇಲ್ಲ, ಏನೂ ಇಲ್ದೋನು ಇಲ್ಲಿ ಕೂತು ನಿಮ್ಮನ್ನ ಪರೀಕ್ಷೆ ಮಾಡಲ್ಲ, ಎದ್ದು ಹೋಗ್ತಾನೆ. ಹಾಗಂತ ಎಂಟು-ಏಳು-ಆರು ಎರಡು ಆಟೀನ್ ಬಿದ್ದಿರೋ ಫ್ಲಾಪಲ್ಲೂ ಕಣ್ಮುಚ್ಚಿ ಹಾಕ್ಬೇಡಿ, ಅದು ಬಿಗ್ ಬ್ಲೈಂಡ್‌ನೋನ ಎಲೆಗಳಿಗೆ ತಾಗೋ ಫ್ಲಾಪ್ಪು, ಅಲ್ಲಿ ಏಸ್-ಕಿಂಗ್ ಇದ್ರೂ ಚೆಕ್ ಮಾಡೋದೇ ವಾಸಿ.

ಕಾಲ್ ಮಾಡಿದ ಅಂದ್ಕೊಳ್ಳಿ. ಟರ್ನ್‌ನಲ್ಲಿ ಇನ್ನೊಂದ್ಸಲ ಹಾಕ್ಬೇಕಾ ಅನ್ನೋದಕ್ಕೆ ನಾನು ಟರ್ನ್ ಎಲೆ ಯಾರಿಗೆ ಒಳ್ಳೇದು ಅಂತ ನೋಡ್ತೀನಿ, ಏಸ್ ಅಥವಾ ಕ್ವೀನ್ ಬಿದ್ರೆ ರೈಸ್ ಮಾಡಿದ ನನಗೇ ಒಳ್ಳೇದು, ಅವನ ಹತ್ರ ಏಳರ ಜೋಡಿ ಇದ್ರೆ ಇನ್ನು ಹೆಚ್ಚು ಹೊತ್ತು ನಿಲ್ಲಲ್ಲ, ಹಾಕ್ತೀನಿ. ಮೂರೋ ಐದೋ ಬಿದ್ರೆ ಏನೂ ಬದಲಾಗಿಲ್ಲ, ಕೈಯಲ್ಲಿ ಏನೂ ಇಲ್ದಿದ್ರೆ ನಿಲ್ಲಿಸ್ತೀನಿ. ಮೂರು ಸಲ ಬ್ಲಫ್ ಮಾಡೋ ಧೈರ್ಯ ದೊಡ್ಡ ಸ್ಟೇಕ್‌ಗೆ ಇಟ್ಕೊಳ್ಳಿ. ಇಲ್ಲಿ ಎರಡು ಬೆಟ್‌ಗೆ ಕಾಲ್ ಮಾಡಿದೋನು ಮೂರನೇದಕ್ಕೂ ಮಾಡ್ತಾನೆ, ಇಷ್ಟು ದೂರ ಬಂದಿರೋನು ಹೊಸ ಹ್ಯಾಂಡ್ ಆಸೆ ಬಿಟ್ಟು ಬಂದಿರ್ತಾನೆ.

ಅದೇ ಕಾರಣಕ್ಕೆ ನಿಮ್ಮ ಕೈಯಲ್ಲಿ ಗಟ್ಟಿ ಎಲೆ ಇದ್ದಾಗ ದೊಡ್ಡದಾಗಿ ಹಾಕಿ. ಪಾಟ್‌ನ ಮುಕ್ಕಾಲು, ಕೆಲವು ಸಲ ಪೂರ್ತಿ ಪಾಟ್. ಸೆಟ್ ಇಟ್ಕೊಂಡು ನಾಜೂಕಾಗಿ ಚೆಕ್ ಮಾಡಿ ಬಲೆ ಬೀಸೋದು ಎದುರಿಗಿರೋನು ಬ್ಲಫ್ ಮಾಡೋನಾದ್ರೆ ಸರಿ, ಇಲ್ಲಿ ಅವನೂ ಚೆಕ್ ಮಾಡಿ ಪಾಟ್ ಸಣ್ಣದಾಗೇ ಉಳಿಯುತ್ತೆ. ಗುಂಪು ಕಾಲ್ ಮಾಡೋ ಗುಂಪು, ಬ್ಲಫ್ ಮಾಡೋ ಗುಂಪಲ್ಲ.

ರಿವರ್‌ನಲ್ಲಿ ಬಿಡೋದು

ಇದನ್ನ ಬೇರೆಯಾಗಿ ಬರೀತಿದೀನಿ ಯಾಕಂದ್ರೆ ನನ್ನ ದುಡ್ಡು ಹೋಗಿದ್ದು ಇಲ್ಲೇ. ಒಂದು ಚಳಿಗಾಲದ ರಾತ್ರಿ ಕೆಲಸ ಮುಗಿಸಿ ಬಂದು ಎರಡು ವಿಂಡೋ ತೆಗೆದು ಕೂತೆ, ಬೆಳಗಿನ ಜಾವ ಮೂರು ಗಂಟೆ ತನಕ ಆಡಿ ಏಳು ಬೈ-ಇನ್ ಕಳ್ಕೊಂಡೆ. ಮಾರನೇ ದಿನ ದೊಡ್ಡದಾಗಿ ಸೋತ ಒಂಬತ್ತು ಹ್ಯಾಂಡ್ ತೆಗೆದು ನೋಡಿದ್ರೆ ಅದರಲ್ಲಿ ಏಳು ರಿವರ್‌ನಲ್ಲಿ ಒಂದೇ ಜೋಡಿ ಇಟ್ಕೊಂಡು ರೈಸ್‌ಗೆ ಕಾಲ್ ಮಾಡಿದ್ದು. ಏಳರಲ್ಲಿ ಏಳೂ ಸೋತಿದ್ದೆ. ಕೆಟ್ಟ ಲಕ್ ಅಂದ್ಕೊಂಡಿದ್ದು ಲಕ್ಕೇ ಆಗಿರ್ಲಿಲ್ಲ.

ಒಂದು ಉದಾಹರಣೆ ಪೂರ್ತಿ ನೋಡೋಣ. ಇಬ್ಬರ ಹತ್ರಾನೂ 100 ಬಿಗ್ ಬ್ಲೈಂಡ್. ನಿಮ್ಮ ಹತ್ರ ಏಸ್-ಕ್ವೀನ್, ಬಟನ್‌ನಿಂದ 2.5, ಬಿಗ್ ಬ್ಲೈಂಡ್ ಕಾಲ್, ಪಾಟ್ 5.5. ಫ್ಲಾಪ್ ಕ್ವೀನ್-ಎಂಟು-ನಾಲ್ಕು, ನೀವು 3 ಹಾಕಿದ್ರಿ ಕಾಲ್, ಪಾಟ್ 11.5. ಟರ್ನ್ ಎರಡು, ನೀವು 8 ಹಾಕಿದ್ರಿ ಕಾಲ್, ಪಾಟ್ 27.5. ರಿವರ್ ಜ್ಯಾಕ್, ನೀವು 18 ಹಾಕಿದ್ರಿ, ಅವನು ಉಳಿದಿರೋ 86.5 ಪೂರ್ತಿ ಒತ್ತಿದ. ಈಗ ನೀವು 68.5 ಹಾಕಿದ್ರೆ ಒಟ್ಟು ಪಾಟ್ 200.5, ಅಂದ್ರೆ 34% ಸಲ ನಿಮ್ಮ ಏಸ್-ಕ್ವೀನ್ ಗೆಲ್ಬೇಕು. ಮೂರು ಸಲದಲ್ಲಿ ಒಂದು ಸಲಕ್ಕಿಂತ ಜಾಸ್ತಿ ಅವನು ಬ್ಲಫ್ ಮಾಡ್ತಿರ್ಬೇಕು ಇಲ್ಲ ನಿಮಗಿಂತ ಕೆಳಗಿನ ಎಲೇಲಿ ಇಷ್ಟು ಹಾಕ್ತಿರ್ಬೇಕು. ಈಗ ನಿಮ್ಮನ್ನೇ ಕೇಳ್ಕೊಳ್ಳಿ, ಎರಡು ಸೆಕೆಂಡಲ್ಲಿ ಹೊಸ ಎಲೆ ಸಿಗೋ ಆಟದಲ್ಲಿ, ಮೂರು ಸಲ ದುಡ್ಡು ಹಾಕಿರೋ ನಿಮ್ಮ ಮೇಲೆ, ಏನೂ ಇಲ್ದೆ ಪೂರ್ತಿ ಸ್ಟಾಕ್ ಒತ್ತೋರು ಮೂರರಲ್ಲಿ ಒಬ್ರು ಇರ್ತಾರಾ? ನಾನು ನೋಡಿದ ಪೂಲ್‌ನಲ್ಲಿ ಹತ್ತರಲ್ಲಿ ಒಬ್ರೂ ಇರ್ಲಿಲ್ಲ. ಅವನ ಹತ್ರ ಎಂಟರ ಸೆಟ್ಟು, ನಾಲ್ಕರ ಸೆಟ್ಟು, ಕ್ವೀನ್-ಜ್ಯಾಕ್ ಇರುತ್ತೆ. ಬಿಡಿ.

ಬಿಡೋದು ಕಷ್ಟ ಅಂತ ಗೊತ್ತು, ಟಾಪ್ ಜೋಡಿ ಟಾಪ್ ಕಿಕ್ಕರ್ (ಜೋಡಿ ಪಕ್ಕದ ಎಲೆ) ಇಟ್ಕೊಂಡು ಬಿಡೋವಾಗ ಹೊಟ್ಟೆ ಉರಿಯುತ್ತೆ, ಮತ್ತೆ ಅವನು ಎಲೆ ತೋರ್ಸಲ್ಲ ಬೇರೆ. ಸಿದ್ಧಾಂತದ ಪ್ರಕಾರ ಯಾವಾಗ್ಲೂ ಬಿಡ್ತಾ ಇದ್ರೆ ಎದುರಿನೋನು ನಮ್ಮನ್ನ ಬ್ಲಫ್ ಮಾಡಿ ದೋಚ್ತಾನೆ ಅಂತಾರೆ, ಅದು ಎದುರಿಗೆ ಒಬ್ಬನೇ ಇದ್ದು ನಮ್ಮನ್ನ ಗಮನಿಸ್ತಿದ್ರೆ ನಿಜ. ಇಲ್ಲಿ ಅವನಿಗೆ ನೀವು ಯಾರು ಅಂತಾನೇ ಗೊತ್ತಿಲ್ಲ, ಮುಂದಿನ ಹ್ಯಾಂಡಲ್ಲಿ ನೀವು ಇರಲ್ಲ. ನಮಗೆ ಯಾರ ಮುಖಾನೂ ಕಾಣಲ್ಲ ಅನ್ನೋ ತೊಂದರೆಗೆ ಇದೇ ಇನ್ನೊಂದು ಮಗ್ಗಲು, ನಮ್ಮ ಮುಖಾನೂ ಯಾರಿಗೂ ಕಾಣಲ್ಲ. ಟರ್ನ್ ರೈಸ್‌ಗೂ ಇದೇ ನ್ಯಾಯ, ರಿವರ್‌ನಷ್ಟು ಕಟ್ಟುನಿಟ್ಟಾಗಿ ಬೇಡ, ಒಳ್ಳೆ ಡ್ರಾ (ಇನ್ನೊಂದು ಎಲೆ ಬಿದ್ರೆ ಫ್ಲಶ್ಶೋ ಸ್ಟ್ರೇಟೋ ಆಗೋ ಕೈ) ಇದ್ರೆ ಕಾಲ್ ಮಾಡಬಹುದು.

ಗುರುತು ಸಿಗದ ಜಾಗದಲ್ಲಿ ಗುರುತು

ಪೂರ್ತಿ ಕುರುಡಾಟ ಅಂತಾನೂ ಅಲ್ಲ. ಸ್ಟಾಕ್ ನೋಡಿ. ಅಭ್ಯಾಸ ಇರೋರು ಆಟೋ ಟಾಪ್-ಅಪ್ (ಕಮ್ಮಿ ಆದ ದುಡ್ಡನ್ನ ತಾನೇ ತುಂಬೋ ಸೆಟ್ಟಿಂಗ್) ಹಾಕಿರ್ತಾರೆ, ಯಾವಾಗ್ಲೂ 100 ಇಲ್ಲ ಅದಕ್ಕಿಂತ ಜಾಸ್ತಿ ಇರುತ್ತೆ. 37, 62 ಹೀಗೆ ಅಡ್ಡಾದಿಡ್ಡಿ ಸ್ಟಾಕ್ ಇರೋನು ಸಾಮಾನ್ಯವಾಗಿ ಖುಷಿಗೆ ಆಡೋಕೆ ಬಂದೋನು, ಅವನು ಕಾಲ್ ಜಾಸ್ತಿ ಮಾಡ್ತಾನೆ, ಅವನ ಮೇಲೆ ಬ್ಲಫ್ ಬೇಡ, ಗಟ್ಟಿ ಎಲೆ ಬಂದಾಗ ದೊಡ್ಡದಾಗಿ ಹಾಕಿ. ರೈಸ್ ಮಾಡದೆ ಬರೀ ಬ್ಲೈಂಡ್‌ನಷ್ಟು ಕಟ್ಟಿ ಒಳಗೆ ಬರೋನೂ ಅದೇ ಜಾತಿ, ಅಂಥೋನು ಕಂಡ್ರೆ ನಾನು 4 ಬಿಗ್ ಬ್ಲೈಂಡ್‌ಗೆ ರೈಸ್ ಮಾಡಿ ಅವನೊಬ್ಬನ ಜೊತೆ ಆಡೋಕೆ ನೋಡ್ತೀನಿ. ಬಣ್ಣದ ಲೇಬಲ್ ಹಾಕೋ ಸೌಲಭ್ಯ ಹೆಚ್ಚಿನ ಸೈಟಲ್ಲಿ ಇದೆ, ಮೂರೇ ಬಣ್ಣ ಇಟ್ಕೊಳ್ಳಿ, ಕಾಲ್ ಮಾಡೋನು, ಬಿಗಿಯಾಗಿ ಆಡೋನು, ತಲೆ ಕೆಟ್ಟಂಗೆ ರೈಸ್ ಮಾಡೋನು. ಹಗಲಲ್ಲಿ ಪೂಲ್ ದೊಡ್ಡದು, ಅದೇ ಮುಖ ಮತ್ತೆ ಸಿಗೋದು ಕಮ್ಮಿ, ಆದ್ರೆ ತಡರಾತ್ರಿ ಪೂಲ್ ಚಿಕ್ಕದಾದಾಗ ಅದೇ ಹೆಸರುಗಳು ಸುತ್ತಿ ಸುತ್ತಿ ಬರುತ್ವೆ, ಆಗ ಈ ಬಣ್ಣ ನಿಜವಾಗ್ಲೂ ದುಡ್ಡು ತರುತ್ತೆ. ಅಂಕಿಅಂಶ ತೋರ್ಸೋ ಹೊರಗಿನ ಸಾಫ್ಟ್‌ವೇರ್ ಕೆಲವು ಸೈಟಲ್ಲಿ ಬಿಡ್ತಾರೆ, ಜಿಜಿಪೋಕರ್ ಥರದ ಕಡೆ ಬಿಡಲ್ಲ, ನಿಯಮ ಓದ್ಕೊಂಡು ಹಾಕಿ. ಆಡ್ತಿರೋವಾಗ ಏನು ಮಾಡ್ಬೇಕು ಅಂತ ಹೇಳ್ಕೊಡೋ ಪ್ರೋಗ್ರಾಂ ಎಲ್ಲೂ ಬಿಡಲ್ಲ, ಅದು ಮೋಸ.

ದುಡ್ಡು, ಏರಿಳಿತ

0.02-0.05 ಡಾಲರ್ ಬ್ಲೈಂಡ್‌ನ ಆಟದಲ್ಲಿ ಒಂದು ಬೈ-ಇನ್ 5 ಡಾಲರ್. ಇದಕ್ಕೆ ಕಮ್ಮಿ ಅಂದ್ರೆ 40 ಬೈ-ಇನ್, 200 ಡಾಲರ್ ಬೇರೆ ಇಟ್ಕೊಂಡು ಆಡಿ, ಬಾಡಿಗೆ ದುಡ್ಡು, ಊರಿಗೆ ಕಳ್ಸೋ ದುಡ್ಡು ಇದಕ್ಕೆ ತಾಗಬಾರದು. 40 ಯಾಕೆ ಬೇಕು ಅಂದ್ರೆ, ಆರು ಜನರ ಆಟದಲ್ಲಿ ಏರಿಳಿತ (ಸ್ಟ್ಯಾಂಡರ್ಡ್ ಡೀವಿಯೇಶನ್) 100 ಹ್ಯಾಂಡಿಗೆ 80ರಿಂದ 100 ಬಿಗ್ ಬ್ಲೈಂಡ್ ಅಂತ ಲೆಕ್ಕ ಇಡ್ತಾರೆ. 90 ಅಂತ ತಗೊಂಡ್ರೆ 10,000 ಹ್ಯಾಂಡಿಗೆ 900, ಒಂಬತ್ತು ಬೈ-ಇನ್ (ಇದು ವರ್ಗಮೂಲದ ಲೆಕ್ಕದಲ್ಲಿ ಬೆಳೆಯುತ್ತೆ, ಹ್ಯಾಂಡ್ 100 ಪಟ್ಟಾದ್ರೆ ಏರಿಳಿತ 10 ಪಟ್ಟು). ಚೆನ್ನಾಗೇ ಆಡ್ತೀರ, 100 ಹ್ಯಾಂಡಿಗೆ 4 ಬಿಗ್ ಬ್ಲೈಂಡ್ ಗೆಲ್ಲೋ ಶಕ್ತಿ ಇದೆ ಅಂದ್ಕೊಳ್ಳಿ, 10,000 ಹ್ಯಾಂಡಿಗೆ 400 ಬರ್ಬೇಕು, ಆದ್ರೆ ಏರಿಳಿತ 900 ಇರೋದ್ರಿಂದ ಮೂರರಲ್ಲಿ ಒಂದು ಸಲ ಅಷ್ಟು ಚೆನ್ನಾಗಿ ಆಡಿಯೂ ಸೋತೇ ಇರ್ತೀರ. 10,000 ಹ್ಯಾಂಡ್ ಅಂದ್ರೆ ಇಲ್ಲಿ 50 ಗಂಟೆ. ಒಂದು ವಾರದ ಗ್ರಾಫ್ ನೋಡಿ ನಾನು ಸೂಪರ್ ಅಂತಾನೂ ಅಂದ್ಕೋಬೇಡಿ, ನಂಗೆ ಬರಲ್ಲ ಅಂತಾನೂ ಅಂದ್ಕೋಬೇಡಿ.

ಮತ್ತೆ ಆ 4 ಬಿಗ್ ಬ್ಲೈಂಡ್ ಎಷ್ಟು ದುಡ್ಡು ಅಂತ ನೋಡಿ, 20 ಸೆಂಟ್. ಗಂಟೆಗೆ 200 ಹ್ಯಾಂಡ್ ಆದ್ರೆ 40 ಸೆಂಟ್. ಇಲ್ಲಿ 2025ರ ಏಪ್ರಿಲ್‌ನಲ್ಲಿ 21 ತುಂಬಿದೋರ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಆಯ್ತು. ಓದೋಕೆ ಬಂದಿರೋ ನಮ್ಮ ಹುಡುಗ್ರು ಕೆಲವರು ಪಾರ್ಟ್ ಟೈಮ್ ಬಿಟ್ಟು ಇದರಲ್ಲಿ ಫೀಸ್ ಕಟ್ತೀನಿ ಅಂತ ಹೊರಡ್ತಾರೆ, ಅವರಿಗೆ ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ತೋರ್ಸಿ. ಇದು ಲೆಕ್ಕ ಇಷ್ಟ ಪಡೋರ ಹವ್ಯಾಸ, ಚೆಸ್ ಥರ, ಆ ದೃಷ್ಟೀಲಿ ನಂಗೆ ತುಂಬಾ ಪ್ರೀತಿ ಇದರ ಮೇಲೆ. ಸೋತಿದ್ದನ್ನ ವಾಪಸ್ ತರ್ಬೇಕು ಅಂತ ಮನಸ್ಸು ಎಳೆಯೋಕೆ ಶುರುವಾದ್ರೆ ಸೈಟಲ್ಲಿ ಡೆಪಾಸಿಟ್ ಲಿಮಿಟ್ ಹಾಕಿ, ಅದೂ ಸಾಲ್ದು ಅನ್ಸಿದ್ರೆ ಬ್ರಿಟನ್‌ನಲ್ಲಿ ಗ್ಯಾಮ್‌ಸ್ಟಾಪ್ ಇದೆ, ಒಂದು ಸಲ ಹೆಸರು ಕೊಟ್ರೆ ಇಲ್ಲಿನ ಲೈಸೆನ್ಸ್ ಇರೋ ಎಲ್ಲಾ ಆನ್‌ಲೈನ್ ಸೈಟೂ ನಿಮ್ಮನ್ನ ಒಳಗೆ ಬಿಡಲ್ಲ.

ಕೂರೋದು, ಏಳೋದು

ಒಂದೇ ವಿಂಡೋದಿಂದ ಶುರು ಮಾಡಿ. ಎರಡು ವಿಂಡೋ ಅಂದ್ರೆ ಗಂಟೆಗೆ 400 ಹ್ಯಾಂಡ್, ಒಂಬತ್ತು ಸೆಕೆಂಡಿಗೆ ಒಂದು, ಅಷ್ಟರಲ್ಲಿ ಯೋಚ್ನೆ ಮಾಡೋಕೆ ಆಗಲ್ಲ, ಕೈ ತಾನೇ ಓಡುತ್ತೆ. ನಾನು 45 ನಿಮಿಷ ಅಲಾರಂ ಇಟ್ಟು ಕೂರ್ತೀನಿ, ಮೂರು ಬೈ-ಇನ್ ಹೋದ್ರೆ ಅಲಾರಂ ಹೊಡೆಯೋಕೆ ಮುಂಚೆಯೇ ಏಳ್ತೀನಿ. ಫಾಸ್ಟ್-ಫೋಲ್ಡ್‌ನಲ್ಲಿ ಟಿಲ್ಟ್ ಆದ್ರೆ (ಸೋತ ಸಿಟ್ಟಲ್ಲಿ ತಲೆ ಕೆಟ್ಟು ಆಡಿದ್ರೆ) ಗೊತ್ತೇ ಆಗಲ್ಲ, ಯಾಕಂದ್ರೆ ಸೋತ ಹ್ಯಾಂಡ್ ಮುಗಿದ ಸೆಕೆಂಡಿಗೆ ಹೊಸ ಎಲೆ ಬಂದಿರುತ್ತೆ, ಉಸಿರು ಬಿಡೋಕೂ ಟೈಮ್ ಇಲ್ಲ. ಹಾಗಾಗಿ ದೊಡ್ಡ ಪಾಟ್ ಸೋತ ತಕ್ಷಣ ಸಿಟ್ ಔಟ್ ಒತ್ತಿ ಎರಡು ನಿಮಿಷ ಎದ್ದು ನೀರು ಕುಡಿದು ಬರ್ತೀನಿ, ಇಲ್ಲಿ ಎದ್ದು ಹೋದ್ರೆ ಸೀಟ್ ಹೋಗುತ್ತೆ ಅನ್ನೋ ಭಯ ಇಲ್ವಲ್ಲ, ಪೂಲ್ ಅಲ್ಲೇ ಇರುತ್ತೆ.

ಭಾನುವಾರ ಬೆಳಿಗ್ಗೆ ಒಂದು ಗಂಟೆ ಹಿಂದಿನ ವಾರದ ಹ್ಯಾಂಡ್ ನೋಡ್ತೀನಿ. ಪೋಕರ್‌ಟ್ರ್ಯಾಕರ್ 4 ಥರದ ಸಾಫ್ಟ್‌ವೇರ್ ಇದ್ರೆ ಸುಲಭ, ಇಲ್ದಿದ್ರೆ ಆಡೋವಾಗ ಮಾರ್ಕ್ ಮಾಡಿದ ಹ್ಯಾಂಡ್‌ಗಳನ್ನ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ಗೆದ್ದಿದ್ದು ಬೇಡ, ಮೂರೇ ಥರದ್ದು ತೆಗೀರಿ: ರಿವರ್‌ನಲ್ಲಿ ರೈಸ್‌ಗೆ ಕಾಲ್ ಮಾಡಿದ್ದು, ಸ್ಮಾಲ್ ಬ್ಲೈಂಡ್‌ನಿಂದ ಕಾಲ್ ಮಾಡಿದ್ದು, ಬಟನ್‌ನಲ್ಲಿ ಎಲ್ರೂ ಬಿಟ್ಟು ನಿಮ್ಮ ತನಕ ಬಂದಾಗ ನೀವೂ ಬಿಟ್ಟಿದ್ದು. ಮೊದಲೆರಡರ ಸಂಖ್ಯೆ ವಾರದಿಂದ ವಾರಕ್ಕೆ ಇಳೀಬೇಕು, ಮೂರನೇದೂ ಇಳೀಬೇಕು. ನಾನು ಇದನ್ನ ಶುರು ಮಾಡಿದ ವಾರ ರಿವರ್ ಕಾಲ್ 31 ಇತ್ತು, ಎರಡು ತಿಂಗಳಾದ್ಮೇಲೆ ಅಷ್ಟೇ ಹ್ಯಾಂಡ್ ಆಡಿದ ವಾರದಲ್ಲಿ 8, ಅದರಲ್ಲಿ ಐದು ಗೆದ್ದಿದ್ದೆ.